ಆ ಕಟಕಟ ಸದ್ದಿನ ಬಗ್ಗೆ

ಪುಟ್ಟಾ,

ಫೋನ್ ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊಬೈಲ್‌ನಲ್ಲೇ ಓದು, ಇದಕ್ಕಾಗಿ ಕಂಪ್ಯೂಟರ್ ಹಾಕಬೇಡ.

ನಿನ್ನ ಮೇಲ್‌ನ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, ಕಂಪ್ಯೂಟರ್ ಒಳಗೆ ಕಟಕಟ ಅನ್ನುತ್ತಿದೆ, ಹಬ್ಬ ಮುಗಿಯಲಿ ನೋಡೋಣ ಅಂತ. ಅದನ್ನು ಓದಿದ ಮೇಲೆ ಮಿಕ್ಕಿದ್ದು ಯಾವುದೂ ತಲೆಗೆ ಹೋಗಲಿಲ್ಲ. ಹಬ್ಬದವರೆಗೆ ಕಾಯಬೇಡ ಕಣೋ. ಅದರಲ್ಲಿ ಏನೇನಿದೆ ಅಂತ ನಾನು ಹೇಳಬೇಕಾಗಿಲ್ಲ. ಪಂಪಿನ ಮನೆ ಮುಂದೆ ನಿಂತು ನಿಮ್ಮಪ್ಪ ಮಾತಾಡಿದ ವಿಡಿಯೋ ಬೇರೆ ಎಲ್ಲೂ ಇಲ್ಲ, ಅಲ್ವಾ?

ಆ ಸದ್ದು ನಾನು ಕೇಳಿದ್ದೇನೆ. ಶಿಡ್ಲಘಟ್ಟದ ಮನೆಯಲ್ಲಿ ನಿಮ್ಮ ದೊಡ್ಡಪ್ಪ ರೇಷ್ಮೆ ರೀಲಿಂಗ್ ಲೆಕ್ಕಕ್ಕೆ ಅಂತ ಕಂಪ್ಯೂಟರ್ ಇಟ್ಟಿದ್ದರು. ಗೂಡು ಎಷ್ಟಕ್ಕೆ ತಂದದ್ದು, ನೂಲು ಎಷ್ಟು ಬಂದದ್ದು, ಎಲ್ಲ ಅದರಲ್ಲೇ. ಅಮ್ಮ ಹಾಡಿದ ಬೀಸೋ ಪದಗಳೂ ಇದ್ದವು. ಜಗುಲಿಯಲ್ಲಿ ಕೂರಿಸಿ ಹಾಡಿಸಿದ್ದು, ನಡುನಡುವೆ ಅವಳ ಕೆಮ್ಮು, ಒಳಗಡೆಯಿಂದ ಚರಕ ತಿರುಗುವ ಸದ್ದು. ಅದೂ ಹೀಗೇ ಕಟಕಟ ಅಂದು ಕೆಟ್ಟಿತು. ಡಿಸ್ಕ್ ಓದುವ ಹೆಡ್ಡು ಒಳಗಿನ ತಟ್ಟೆಗೆ ತಗುಲಿ ಗೀರು ಬಿದ್ದಿದೆ ಅಂದರು ರಿಪೇರಿಯವರು. ಲೆಕ್ಕ ಪುಸ್ತಕದಲ್ಲೂ ಇತ್ತು, ಹೋಗಲಿ. ಅಮ್ಮನ ದನಿ ಹೋಯಿತು. ಈಗ ನಿಮ್ಮಕ್ಕನ ಮಗುವನ್ನು ತೂಗುವಾಗ ಆ ಪದ ಶುರು ಮಾಡುತ್ತೇನೆ, ಅರ್ಧಕ್ಕೆ ನಿಂತುಬಿಡುತ್ತೇನೆ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಸದ್ದು ಇದೆಯಾ ಅಂತ ಸುಮ್ನೆ ಆನ್ ಮಾಡಿ ನೋಡಬೇಡ, ಅಂಥ ಡಿಸ್ಕ್ ತಿರುಗಿದಷ್ಟೂ ಜಾಸ್ತಿ ಹಾಳಾಗುತ್ತದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಗೆ ಬಂದ ಮೇಲೆ ಹಾಕು, ಮೊದಲು ಅಪ್ಪನ ವಿಡಿಯೋ ಕಾಪಿ ಮಾಡು, ಆಮೇಲೆ ಫೋಟೋ, ಮಿಕ್ಕಿದ್ದು ಸಿಕ್ಕಷ್ಟು ಸಿಗಲಿ. ತೆರೆಯದಿದ್ದರೆ ಬಲವಂತ ಮಾಡಬೇಡ, ಡೇಟಾ ರಿಕವರಿಯವರ ಹತ್ತಿರ ಬೆಂಗಳೂರಿಗೆ ಹೋಗೋಣ, ಖರ್ಚು ನನ್ನದು.

ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಬೇಜಾರಾಗಬೇಡ. ಒಳಗಡೆ ಹೊಸ ಡಿಸ್ಕ್ ಹಾಕಿಸಿದ ಮೇಲೆ ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರೂ ತರಬೇಕಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಇದೆ, 2012ರ ವಿಂಡೋಸ್ 8ರಿಂದಲೂ ಇದೆ. ಹೊರಗಿನ ಡಿಸ್ಕ್ ಸಿಕ್ಕಿಸಿ ಆನ್ ಮಾಡಿಟ್ಟರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಡೆಸ್ಕ್‌ಟಾಪ್‌ನಲ್ಲಿ ಬದಲಾದದ್ದನ್ನು ಗಂಟೆಗೊಮ್ಮೆ ನಕಲು ಮಾಡುತ್ತದೆ. ನೀನು ಡಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿಡುತ್ತೀಯಲ್ಲ, ಅದನ್ನು ತಾನಾಗಿ ತೆಗೆದುಕೊಳ್ಳುವುದಿಲ್ಲ, ವಿಂಡೋಸ್‌ನ ಲೈಬ್ರರಿ ಅನ್ನುವ ಫೋಲ್ಡರ್ ಪಟ್ಟಿಗೆ ಸೇರಿಸಬೇಕು. ವಾಪಸ್ ಬೇಕಾದರೆ ರಿಸ್ಟೋರ್ ಪರ್ಸನಲ್ ಫೈಲ್ಸ್‌ಗೆ ಹೋಗಿ, ಬಾಣ ಒತ್ತುತ್ತಾ ಬೇಕಾದ ದಿನ ಹಿಡಿದು, ಕೆಳಗಿನ ಹಸಿರು ಬಟನ್ ಒತ್ತು. ಬೇಕೆಂದೇ ಒಂದು ಫೋಟೋ ಹಾಗೆ ವಾಪಸ್ ತೆಗೆದು ನೋಡು, ಆಗಲೇ ನನಗೆ ಧೈರ್ಯ. ಸಿಸ್ಟಂ ರಿಸ್ಟೋರ್ ಇದೆಯಲ್ಲ ಅಂತ ಕೂರಬೇಡ. ಅದು ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುತ್ತದೆ, ಹೋದ ವಿಡಿಯೋ ತಂದುಕೊಡುವುದಿಲ್ಲ.

ಅಪ್ಪನ ವಿಡಿಯೋ ಮಾತ್ರ ಒಂದು ಪೆನ್‌ಡ್ರೈವ್‌ಗೂ ಹಾಕಿ ನನಗೆ ಕೊಡು, ನನ್ನ ಬೀರುವಿನಲ್ಲಿರಲಿ. ಚಿಂತಾಮಣಿಯಲ್ಲಿ ಡಿಸ್ಕ್ ಸಿಗದಿದ್ದರೆ ಚಿಕ್ಕಬಳ್ಳಾಪುರಕ್ಕೆ ಹೋಗಿ ತಾ. ಕಾಪಿ ಆದ ತಕ್ಷಣ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಎತ್ತುತ್ತೇನೆ.

ನಿನ್ನ ದೊಡ್ಡಮ್ಮ