ಸುರಂಗದ ಕಿಂಡಿಯಲ್ಲಿ ಕಂಡ ಸಮುದ್ರ

ಟ್ಯೂರಿನ್, ಸೆಪ್ಟೆಂಬರ್ 24

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಉಪ್ಪಿನಕಾಯಿ ಇನ್ನೂ ಅರ್ಧ ಡಬ್ಬಿ ಇದೆ ಎಂದು ಅಮ್ಮನಿಗೆ ಹೇಳಿ. ಮೊನ್ನೆ ಫೋನಿನಲ್ಲಿ ನನ್ನ ಚಿಂಕ್ವೆ ತೆರ್ರೆ ಸುತ್ತಾಟದ ಬಗ್ಗೆ ನೀವು ಕೇಳಿದ್ದು ಒಂದೇ ಪ್ರಶ್ನೆ: ರೈಲಿನಿಂದ ಸಮುದ್ರ ಕಾಣುತ್ತದೆಯೇ? ಅಷ್ಟರಲ್ಲಿ ಫೋನು ಕಡಿಯಿತು. ಅದಕ್ಕೇ ಈ ಪತ್ರ.

ಕಾಣುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಚಿಂಕ್ವೆ ತೆರ್ರೆ ಎಂದರೆ ಇಟಲಿಯ ವಾಯವ್ಯ ಕರಾವಳಿಯಲ್ಲಿ ಗುಡ್ಡಕ್ಕೂ ನೀರಿಗೂ ನಡುವೆ ಸಿಕ್ಕಿಕೊಂಡ ಐದು ಪುಟ್ಟ ಊರುಗಳು. ಅಲ್ಲಿನ ರೈಲು ಬಹುಪಾಲು ಗುಡ್ಡದ ಹೊಟ್ಟೆಯೊಳಗೇ ಓಡುತ್ತದೆ. ಭಟ್ಕಳ ದಾಟಿದ ಮೇಲೆ ನೀವು ಕಿಟಕಿ ಪಕ್ಕ ಕುಳಿತು ಸುರಂಗ ಎಣಿಸುತ್ತಿದ್ದಿರಲ್ಲ, ಇಲ್ಲಿ ಬೆಳಕು ಬಂದದ್ದನ್ನು ಎಣಿಸುವುದೇ ಸುಲಭ. ಆ ಐದರಲ್ಲೊಂದಾದ ವೆರ್ನಾತ್ಸಾದಲ್ಲಿ ನಮ್ಮ ಬೋಗಿ ನಿಂತದ್ದೂ ಸುರಂಗದೊಳಗೇ. ನಿಲ್ದಾಣ ಇನ್ನೂ ಬಂದಿಲ್ಲವೆಂದು ನಾನು ಕುಳಿತೇ ಇದ್ದೆ. ಪಕ್ಕದ ಅಜ್ಜಿ ಮೊಣಕೈಯಿಂದ ತಿವಿದು ಇಳಿಸಿದರು.

ಊರು ನೋಡಲು ಕಾಲೇ ಬೇಕು. ಕೊರ್ನೀಲಿಯಾ ಮಾತ್ರ ಗುಡ್ಡದ ನೆತ್ತಿಯಲ್ಲಿದೆ, ನಿಲ್ದಾಣದಿಂದ 380ರಷ್ಟು ಮೆಟ್ಟಿಲು. ನನ್ನ ಮೊಣಕಾಲು ಎರಡು ದಿನ ಮಾತನಾಡಿತು. ಮೇಲಿನ ಕಾಲುದಾರಿಯುದ್ದಕ್ಕೂ ದ್ರಾಕ್ಷಿ, ನಮ್ಮ ಕಡೆ ಗುಡ್ಡ ಕಡಿದು ಮಾಡಿದ ಗದ್ದೆಗಳಂತೆ ಹಂತ ಹಂತವಾಗಿ. ಹಂತಗಳನ್ನು ಹಿಡಿದಿಟ್ಟಿರುವುದು ಗಾರೆಯಿಲ್ಲದ ಕಲ್ಲಿನ ಪಾಗಾರ. ಒಂದು ಕಡೆ ಜರಿದ ಪಾಗಾರವನ್ನು ಮುದುಕರೊಬ್ಬರು ಕಟ್ಟುತ್ತಿದ್ದರು. ಕಲ್ಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುವರು, ಇಡುವರು, ಒಪ್ಪದಿದ್ದರೆ ತೆಗೆಯುವರು. ಹಿಂಬದಿಯ ಸಂದಿಗೆ ಹಿಡಿಹಿಡಿ ಜಲ್ಲಿ ತುಂಬಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವರು. ನಾನು ನಿಂತಿದ್ದ ಅಷ್ಟು ಹೊತ್ತಿನಲ್ಲಿ ಕೂತದ್ದು ನಾಲ್ಕೇ ಕಲ್ಲು. ಪಕ್ಕದಲ್ಲೇ ಒಂಟಿ ಹಳಿಯ ಮೇಲೆ ಪುಟ್ಟ ಎಂಜಿನ್ನು ದ್ರಾಕ್ಷಿ ಕ್ರೇಟುಗಳನ್ನು ಎಳೆದುಕೊಂಡು ಗೊರಗೊರನೆ ಹತ್ತುತ್ತಿತ್ತು. ಮಕ್ಕಳು ಪಟ್ಟಣ ಸೇರಿ ಎಷ್ಟೋ ಹಂತಗಳು ಪಾಳುಬಿದ್ದಿವೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾದ ಬೀದಿಯೆಲ್ಲ ಕೆಸರಿನಲ್ಲಿ ಹೂತುಹೋಗಿತ್ತು. ಮಣ್ಣು ಹಿಡಿಯುವ ಪಾಗಾರಗಳು ಕಡಿಮೆಯಾದದ್ದೂ ಅದಕ್ಕೊಂದು ಕಾರಣವಂತೆ. ಇದನ್ನು ಕೇಳಿ ಪಟ್ಟಣ ಸೇರಿದ ಮಗಳಾದ ನಾನು ಸುಮ್ಮನೆ ನೀರು ಕುಡಿದೆ.

ಸೈಕಲ್ಲಿನದೇ ಬೇರೆ ಕಥೆ. ಈ ಕರಾವಳಿಗೆ 1874ರಲ್ಲಿ ಹಾಕಿದ ರೈಲು ದಾರಿಯ ಒಂದು ತುಂಡು, ಪಕ್ಕದ ಲೆವಾಂತೊ ಊರಿನಿಂದ ಫ್ರಾಮೂರಾ ಊರಿನವರೆಗಿನದು, ಹೊಸ ಹಳಿ ಒಳನಾಡಿಗೆ ಸರಿದ ಮೇಲೆ ಖಾಲಿ ಬಿದ್ದಿತ್ತು. ಈಗ ಆ ಹಳೆಯ ಸುರಂಗಗಳಲ್ಲಿ ಸೈಕಲ್ ಓಡುತ್ತದೆ, ಐದಾರು ಕಿಲೋಮೀಟರ್, ಏರಿಳಿತವೇ ಇಲ್ಲ. ಹೊರಗೆ ಸುಡುಬಿಸಿಲು, ಒಳಗೆ ನಮ್ಮ ಬಾವಿಕಟ್ಟೆಯ ತಂಪು. ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿ. ಬಾಡಿಗೆ ಸೈಕಲ್ಲಿನ ಚೈನು ಕಳಚಿದ್ದೂ ಅಂಥ ಒಂದು ಕಿಂಡಿಯ ಮುಂದೆ! ಕೈಯೆಲ್ಲ ಗ್ರೀಸು ಮಾಡಿಕೊಂಡು ಅಲ್ಲೇ ಕುಳಿತೆ. ಕೆಳಗೆ ಬಂಡೆಗೆ ನೀರು ಬಡಿಯುತ್ತಿತ್ತು, ಒಬ್ಬ ಹುಡುಗ ಗಾಳ ಹಾಕಿ ಕುಳಿತಿದ್ದ. ರೈಲಿನಲ್ಲಿ ಹೋಗಿದ್ದರೆ ಈ ಕಿಂಡಿ ಕಾಲು ಸೆಕೆಂಡು. ನನಗೆ ಅರ್ಧ ಗಂಟೆ ಸಿಕ್ಕಿತು.

ಐದೂರುಗಳಲ್ಲಿ ಇನ್ನೊಂದಾದ ಮೊಂತೆರೊಸ್ಸೊದಲ್ಲಿ ಉಪ್ಪು ಹಾಕಿ ಇಟ್ಟ ಬೆರಳುದ್ದದ ಮೀನು ತಿಂದೆ. ಅಮ್ಮನ ಒಣಮೀನು ಚಟ್ನಿಯ ಮುಂದೆ ಸಪ್ಪೆ. ಇದನ್ನು ಅವಳಿಗೆ ಓದಿ ಹೇಳಿ.

ಮತ್ತೆ ಹಿತ್ತಲಿನ ಪಾಗಾರ ಈ ಮಳೆಗಾಲ ಜರಿಯಿತು, ಸಿಮೆಂಟು ಹಾಕಿ ಕಟ್ಟಿಸುತ್ತೇನೆ ಎಂದಿರಲ್ಲ. ಬೇಡ ಅಪ್ಪಯ್ಯ. ಮುರಕಲ್ಲನ್ನೇ ಮೊದಲಿನ ಹಾಗೆ ಕೂರಿಸಿ, ನೀರು ಇಳಿಯಲು ಸಂದು ಇರಲಿ. ಡಿಸೆಂಬರಿನಲ್ಲಿ ಬಂದಾಗ ಜಲ್ಲಿ ತುಂಬಲು ನಾನೂ ಇರುತ್ತೇನೆ.

ನಿಮ್ಮ ಮಗಳು