ಬಸ್ ಸಿಗದೆ ಸ್ಟಾಪಲ್ಲೇ ಉಳಿದೋರನ್ನೂ ಎಣಿಸಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಯೂನಿವರ್ಸಿಟಿಗೆ ಬೆಳಗ್ಗೆ ಹೊತ್ತು ಇನ್ನೊಂದೆರಡು ಬಸ್ ಬಿಡಿ ಅಂತ ಸಾರಿಗೆ ಸಂಸ್ಥೆಯವ್ರಿಗೆ ಮನವಿ ಕೊಟ್ವಿ, ಅವ್ರು ಆ ರೂಟಲ್ಲಿ ಪಾಸ್ ತಗೊಂಡಿರೋ ಸ್ಟೂಡೆಂಟ್ಸೇ ಕಮ್ಮಿ, ಡಿಮ್ಯಾಂಡ್ ಇಲ್ಲ ಅಂದ್ಬಿಟ್ರು. ಈ ಲೆಕ್ಕಾನೇ ತಪ್ಪು ಸಾರ್.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ್ಮೇಲೆ ನಾವು ಹುಡುಗೀರು ಪಾಸ್ ಮಾಡಿಸೋದೇ ಬಿಟ್ವಿ, ಆಧಾರ್ ತೋರಿಸಿದ್ರೆ ಕಂಡಕ್ಟರ್ ಝೀರೋ ಟಿಕೆಟ್ ಕೊಡ್ತಾರೆ. ಸೇವಾ ಸಿಂಧುನಲ್ಲಿ ಅರ್ಜಿ ಹಾಕಿ ಪಾಸ್ ಮಾಡಿಸೋರು ಈಗ ಹೆಚ್ಚಾಗಿ ಹುಡುಗ್ರೇ. ಇನ್ನು ಆ ಝೀರೋ ಟಿಕೆಟ್ ನೋಡಿದ್ರೆ ಸಂತೆಗೆ ಹೊರಟ ಅಜ್ಜಿ ಯಾರು, ಕ್ಲಾಸಿಗೆ ಹೊರಟ ನಾನ್ಯಾರು ಅಂತ ಗೊತ್ತಾಗಲ್ಲ, ಅಲ್ಲಿಗೆ ಪಾಸ್ ಎಣಿಸಿದ್ರೆ ನಾವಷ್ಟೂ ಜನ ಲೆಕ್ಕಕ್ಕೇ ಇಲ್ಲ.

ಟಿಕೆಟ್ ಮೆಷಿನ್ ಕೂಡ ಹತ್ತಿದವ್ರನ್ನ ಮಾತ್ರ ಎಣಿಸುತ್ತೆ. 8:10ರ ಬಸ್ಸು ನಮ್ಮೂರಿಗೆ ಬರೋ ಹೊತ್ತಿಗೆ ಹಿಂದಿನ ಊರುಗಳಲ್ಲೇ ತುಂಬಿ, ಹುಡುಗ್ರು ಫುಟ್‌ಬೋರ್ಡಲ್ಲಿ ಒಂದೇ ಕೈಲಿ ಕಂಬಿ ಹಿಡ್ಕೊಂಡು ನೇತಾಡ್ತಿರ್ತಾರೆ, ಬಸ್ಸು ಸ್ಟಾಪ್ ದಾಟಿ ಮುಂದೆಲ್ಲೋ ನಿಲ್ಲುತ್ತೆ, ನಾವು ಬ್ಯಾಗ್ ಎದೆಗವಚ್ಕೊಂಡು ಓಡಬೇಕು, ಅದ್ರಲ್ಲಿ ಇಬ್ರೋ ಮೂವರೋ ಹತ್ತಿದ್ರೆ ಹೆಚ್ಚು. ಉಳಿದೋರಿಗೆ ಶೇರ್ ಆಟೋ, ಇಲ್ಲ ಯಾರದ್ದಾದ್ರೂ ಬೈಕು, ಅದೂ ಸಿಗದಿದ್ರೆ ವಾಪಸ್ ಮನೆ. ನನ್ನ ಜೊತೆ ಬರ್ತಿದ್ದ ಒಬ್ಳು ಲ್ಯಾಬ್ ಅಟೆಂಡೆನ್ಸ್ ಶಾರ್ಟೇಜ್ ಆಗಿ ಕೊನೆಗೆ ಸಿಟೀಲಿ ಪಿಜಿ ಸೇರಿದ್ಳು, ಅವರಪ್ಪ ಕೈಸಾಲ ಮಾಡಿ ಬಾಡಿಗೆ ಕಟ್ತಿದಾರೆ. ಈಗ ಅವಳಿಗೆ ಬಸ್ ಬೇಡ ಅಂತ ಬರ್ಕೋತಾರಾ?

ಎಷ್ಟು ಜನ ಹೊರಡ್ತಾರೆ, ಎಲ್ಲಿಂದ ಎಲ್ಲಿಗೆ, ಯಾವ ಗಾಡೀಲಿ, ಯಾವ ದಾರೀಲಿ, ಹೀಗೆ ನಾಲ್ಕು ಹಂತದಲ್ಲಿ ಅಂದಾಜು ಮಾಡ್ಬೇಕು ಅಂತ ಸಿವಿಲ್ ಓದೋ ನನ್ನ ತಮ್ಮನ ಪುಸ್ತಕದಲ್ಲೇ ಇದೆ. ನಮ್ಮಲ್ಲಿ ಮೊದಲನೇದನ್ನೇ ಯಾರೂ ಸರಿಯಾಗಿ ಕೇಳಿಲ್ಲ. ಅಡ್ಮಿಷನ್ ಫಾರಂನಲ್ಲಿ ಹೆಂಗೂ ಅಡ್ರೆಸ್ ಬರೆಸ್ಕೋತಾರೆ, ಜೊತೆಗೆ ಮನೆಯಿಂದ ಓಡಾಡ್ತೀರಾ ಹಾಸ್ಟೆಲಾ, ಬಸ್ ಸಿಕ್ಕಿದ್ರೆ ಬಸ್ಸಲ್ಲೇ ಬರ್ತೀರಾ ಅಂತ ಎರಡು ಸಾಲು ಸೇರಿಸಿದ್ರೆ ಆಯ್ತಲ್ಲ. ಟೈಂಟೇಬಲ್ಲೂ ಪಕ್ಕದಲ್ಲಿಟ್ಕೊಂಡು ನೋಡ್ಲಿ, ಬೆಳಗ್ಗೆ ಎಲ್ರೂ ಒಂದೇ ಹೊತ್ತಿಗೆ ಬಂದ್ರೂ ಸಂಜೆ ಲ್ಯಾಬ್ ಇರೋರು, ಲೈಬ್ರರೀಲಿ ಕೂರೋರು ಒಬ್ಬೊಬ್ರು ಒಂದೊಂದು ಹೊತ್ತಿಗೆ ಹೊರಡ್ತಾರೆ. ಆಮೇಲೆ ಪರೀಕ್ಷೆ, ಹಬ್ಬ ಇಲ್ಲದ ಒಂದು ವಾರ ಪ್ರತಿ ಸ್ಟಾಪಲ್ಲೂ ಹತ್ತಿದವ್ರೆಷ್ಟು, ಉಳಿದವ್ರೆಷ್ಟು ಅಂತ ಎಣಿಸಲಿ.

ಎಣಿಸೋಕೆ ಸಿಬ್ಬಂದಿ ಇಲ್ಲ ಅಂದ್ರೆ ನಾವೇ ಸ್ಟಾಪಿಗಿಬ್ರು ನಿಂತ್ಕೋತೀವಿ, ಪೆನ್ನು ಪೇಪರ್ ನಮ್ದೇ. ದಸರಾ ರಜೆ ಮುಗಿದ್ಮೇಲೆ ಯಾವ ವಾರ ಅಂತ ಸಂಬಂಧಪಟ್ಟೋರು ಹೇಳಿದ್ರೆ ಸಾಕು.

– ಹಳ್ಳಿಯಿಂದ ದಿನಾ ಓಡಾಡೋ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ