ಸತೀಶನಿಗೆ, ಎಲ್ವಿನ್ ವಿಷಯವಾಗಿ

ಪ್ರೀತಿಯ ಸತೀಶ,

ಫೋನ್ ಮಾಡಿದರೆ "ಮತ್ತೆ ಮಾತಾಡುವ ಮಾರಾಯ" ಎಂದು ಇಡುತ್ತೀ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸುತ್ತೀ. ಅದಕ್ಕೇ ಇಲ್ಲಿ, ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಈಗ ಉತ್ತರ ಕೊಡದೆ ಎಲ್ಲಿಗೆ ಹೋಗುತ್ತೀ ನೋಡುವ. (ಉಳಿದವರಿಗೆ: ಮೂರು ಕೊಡೆ ಪ್ರಕರಣದ ಸತೀಶ ಇವನೇ. ಹೆಚ್ಚು ಕೇಳಬೇಡಿ.)

ನೀನು ಕೊಟ್ಟ ವೆರಿಯರ್ ಎಲ್ವಿನ್ ಆತ್ಮಕಥೆ ಮುಗಿಸಿದೆ, ಇಂಗ್ಲೆಂಡಿನಿಂದ ಮಿಷನರಿಯಾಗಿ ಬಂದು ಆದಿವಾಸಿಗಳ ನಡುವೆ ಉಳಿದವನದು. ಆಮೇಲೆ ಅವನ ಬಗ್ಗೆ ಬೇರೆಯವರು ಬರೆದದ್ದನ್ನೂ ಹುಡುಕಿ ಓದಿದೆ. ತಲೆನೋವು ಶುರುವಾದದ್ದು ಅಲ್ಲಿಂದ.

ನಮ್ಮ ಮನೆಯಲ್ಲಿ ಮಿಷನರಿ ಅಂದರೆ ಏನು ಅಂತ ನಿನಗೆ ಗೊತ್ತುಂಟಲ್ಲ. ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯ ಆಳು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದದ್ದು ಅದು. ಜಾತಿ ಬಿಟ್ಟು ಬಂದವರಿಗೆ ಊರಲ್ಲಿ ಯಾರು ಕೆಲಸ ಕೊಡುತ್ತಾರೆ? ಬೈಬಲ್ ಕೊಟ್ಟವರೇ ಕೂಲಿಯನ್ನೂ ಕೊಡಬೇಕಾಯಿತು. ಹಾಗಾಗಿ ನಮ್ಮ ಅಜ್ಜಿಗೆ ದೇವರು, ಹಂಚು, ಗಂಜಿ ಎಲ್ಲ ಒಂದೇ ಗಂಟು. ಸಂಜೆ ಪ್ರಾರ್ಥನೆಗೆ ಕೂತಾಗ ನಾನು ಕಣ್ಣು ಮುಚ್ಚಿದ್ದೇನೋ ಇಲ್ಲವೋ ನೋಡಲು ಅವಳು ತನ್ನ ಒಂದು ಕಣ್ಣು ತೆರೆದಿಡುತ್ತಿದ್ದಳು. ಅದು ನನಗೆ ಗೊತ್ತಿತ್ತು ಅಂದರೆ ನಾನೂ ಏನು ಮಾಡುತ್ತಿದ್ದೆ ಅಂತ ನೀನೇ ಲೆಕ್ಕ ಹಾಕು.

ಎಲ್ವಿನ್ ಬೇರೆ ಜಾತಿಯ ಮಿಷನರಿ. ಅಪ್ಪ ಸಿಯೆರಾ ಲಿಯೋನಿನ ಬಿಷಪ್, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಮ್ಮ ಮಹಾ ದೈವಭಕ್ತೆ. ಹುಡುಗ ಆಕ್ಸ್‌ಫರ್ಡಿನಲ್ಲಿ ಓದಿ, 1927ರಲ್ಲಿ ಪುಣೆಯ ಕ್ರಿಸ್ತ ಸೇವಾ ಸಂಘಕ್ಕೆ ಬಂದ. ಇಂಗ್ಲಿಷರು ಇಲ್ಲಿಂದ ಹೊತ್ತೊಯ್ದದ್ದೇ ಜಾಸ್ತಿ, ಒಬ್ಬನಾದರೂ ಕೊಡಲಿಕ್ಕೆ ಬರಬೇಕು ಅಂತ ಅವನ ಮನಸ್ಸಿನಲ್ಲಿತ್ತು. ಗಾಂಧಿಯ ಹತ್ತಿರ ಹೋದ, ಮಗನ ಹಾಗೆ ಆದ. 1932ರಲ್ಲಿ ಗೆಳೆಯ ಶ್ಯಾಮರಾವ್ ಹಿವಾಳೆಯ ಜೊತೆ ಈಗಿನ ಮಧ್ಯಪ್ರದೇಶದ ಅಮರಕಂಟಕದ ಹತ್ತಿರದ ಕರಂಜಿಯಾ ಎಂಬ ಗೋಂಡ ಆದಿವಾಸಿಗಳ ಹಳ್ಳಿಗೆ ಹೋಗಿ ಕೂತ. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಒಂದು ಶಾಲೆ, ಒಂದಿಷ್ಟು ಔಷಧಿ, ಆಮೇಲೆ ಕುಷ್ಠರೋಗಿಗಳಿಗೊಂದು ಮನೆ.

ಒಂದೇ ತಕರಾರು. ಗೋಂಡರನ್ನು ಮತಕ್ಕೆ ಸೇರಿಸುವುದಿಲ್ಲ ಅಂದ. ನಾಗಪುರದ ಬಿಷಪ್ಪರಿಗೆ ಇದು ನುಂಗಲಾರದ ತುತ್ತು. ಮಿಷನರಿ ಅಂತೆ, ಮತಾಂತರ ಮಾಡುವುದಿಲ್ಲ ಅಂತೆ! 1935ರ ಹೊತ್ತಿಗೆ ಎಲ್ವಿನ್ ಚರ್ಚನ್ನೇ ಬಿಟ್ಟ. ಗೋಂಡರನ್ನು ಬಿಡಲಿಲ್ಲ.

ಅಲ್ಲಿಂದ ಮುಂದಿನದು ನನಗೆ ಭಾರಿ ಇಷ್ಟ. ಗಾಂಧಿಯವರ ಜೊತೆಗೂ ಜಗಳ. ಹತ್ತಿ ಬೆಳೆಯದ ಗುಡ್ಡದಲ್ಲಿ ಚರಕ ಯಾಕೆ, ಹಿಪ್ಪೆ ಹೂವಿನ ಸಾರಾಯಿ ಕುಡಿದು ಕುಣಿಯುವವರಿಗೆ ಉಪವಾಸ ಯಾಕೆ ಎಂದು ಕೇಳಿದ. ಪಕ್ಕದ ಬೈಗಾ ಆದಿವಾಸಿಗಳ ಬಗ್ಗೆ 1939ರಲ್ಲಿ ದೊಡ್ಡ ಪುಸ್ತಕ ಬರೆದ. ಅವರ ಸಂಪ್ರದಾಯದಲ್ಲಿ ನೇಗಿಲು ಮುಟ್ಟುವಂತಿರಲಿಲ್ಲ, ಭೂಮಿತಾಯಿಯ ಎದೆ ಸೀಳಬಾರದು ಅಂತ. ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಬೂದಿಯಲ್ಲಿ ಬೀಜ ಚೆಲ್ಲುವುದು. ನಮ್ಮ ಕಡೆಯ ಕುಮರಿಯೇ, ಅಲ್ಲಿ ಬೇವಾರ್ ಅನ್ನುತ್ತಾರೆ. ಅರಣ್ಯ ಇಲಾಖೆ 1890ರಲ್ಲಿಯೇ ಅದನ್ನು ಬೈಗಾ ಚಕ್ ಎಂಬ ಒಂದು ಮೂಲೆಗೆ ತಳ್ಳಿತ್ತು. ಇದರಿಂದ ಅವರ ಜೀವವೇ ಕುಗ್ಗಿಹೋಯಿತು ಅಂತ ಎಲ್ವಿನ್ ಬರೆದ. ಬೋಧನೆ ಮಾಡಲು ಬಂದವನು ಅವರ ವಕೀಲನಾದ. 1954ರಲ್ಲಿ ಈ ದೇಶದ ಪ್ರಜೆಯಾಗಿ, ಈಶಾನ್ಯ ಗಡಿನಾಡಿನಲ್ಲಿ (ಈಗಿನ ಅರುಣಾಚಲ) ಸರ್ಕಾರದ ಸಲಹೆಗಾರನೂ ಆದ. ಅವನ ಪುಸ್ತಕಕ್ಕೆ ನೆಹರೂ ಮುನ್ನುಡಿ ಬರೆದರು. 1961ರಲ್ಲಿ ಪದ್ಮಭೂಷಣ. 1964ರಲ್ಲಿ ತೀರಿಕೊಂಡ. ಮರುವರ್ಷ ಆತ್ಮಕಥೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ.

ಇನ್ನು ಕೋಸಿ.

ನೀನು ಓದಿದಾಗ ಈ ಹೆಸರಿನ ಹತ್ತಿರ ನಿಂತಿದ್ದೆಯಾ? ನಾನೂ ಮೊದಲು ನಿಲ್ಲಲಿಲ್ಲ. ನಿಲ್ಲುವಷ್ಟು ಜಾಗವನ್ನೇ ಅವನು ಕೊಟ್ಟಿಲ್ಲ. 1940ರಲ್ಲಿ ಮದುವೆ. ಅವನಿಗೆ 37, ಅವಳಿನ್ನೂ ಹದಿಹರೆಯದ ಗೋಂಡ ಹುಡುಗಿ, ಅವನದೇ ಶಾಲೆಯಲ್ಲಿ ಕಲಿತವಳು. 1949ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ವಿಚ್ಛೇದನ. ಆಮೇಲೆ ಅವನಿಗೆ ಇನ್ನೊಂದು ಮದುವೆ, ಶಿಲ್ಲಾಂಗ್, ಸನ್ಮಾನ. ಅವಳು ಅದೇ ಗುಡ್ಡದ ಸೀಮೆಯಲ್ಲಿ ಬಡತನದಲ್ಲಿ ಮುದುಕಿಯಾದಳು. ಬೈಗಾಗಳ ಬಗ್ಗೆ ಅಷ್ಟು ದಪ್ಪದ ಪುಸ್ತಕ ಬರೆದವನಿಗೆ ಜೊತೆಯಲ್ಲಿ ಬಾಳಿದವಳ ಬಗ್ಗೆ ಕೆಲವು ಸಾಲು. ಆ ದಿನಗಳನ್ನು ನೆನೆದರೆ ನೋವಾಗುತ್ತದೆ, ಬರೆಯಲಾರೆ ಅಂತ. ನೋವು ಇರಲಿಕ್ಕಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬರೆಯದೆ ಇರುವ ಅನುಕೂಲ ಯಾರದು, ಹೇಳು. ಕೋಸಿ ಆತ್ಮಕಥೆ ಬರೆಯುವವಳಲ್ಲ ಅಂತ ಅವನಿಗೂ ಗೊತ್ತಿತ್ತಲ್ಲ.

"ಅದಕ್ಕೆ ನಿನಗೇನು ಸಂಕಟ?" ಅಂತ ಕೇಳುತ್ತೀ. ಸಂಕಟ ಉಂಟು.

ನಾನು ಪ್ರಾರ್ಥನೆ ಮಾಡಿ ತುಂಬಾ ಕಾಲವಾಯಿತು ಸತೀಶ. ಚರ್ಚಿಗೆ ಹೋಗುತ್ತೇನೆ. ಕ್ವಾಯರಿನಲ್ಲಿ ಬೇಸ್, ಅಂದರೆ ದಪ್ಪ ದನಿಯ ಭಾಗ, ಹಾಡುತ್ತೇನೆ. ಈಗ ಕಣ್ಣೂ ಸರಿಯಾಗಿ ಮುಚ್ಚುತ್ತೇನೆ. ಆದರೆ ಆ ಕಡೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅನಿಸುವುದಿಲ್ಲ. ಅಪ್ಪ ಹೋದ ಮೇಲೆ ಹೀಗಾಯಿತು ಅಂತ ಎಲ್ಲರಿಗೂ ಹೇಳಬಹುದಿತ್ತು, ಮರ್ಯಾದೆಯ ಕಾರಣ ಅದು. ಆದರೆ ಅದಕ್ಕೂ ಮೊದಲೇ ನಂಬಿಕೆ ಹೋಗಿತ್ತು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ನಿಂತು ಮನೆಯವರೆಲ್ಲರ ಪರವಾಗಿ ಪ್ರಾರ್ಥನೆ ಹೇಳಿದವನು ನಾನೇ. ಮಾತು ಸರಾಗವಾಗಿ ಬಂತು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನು ಡ್ರಿಪ್ಪಿನ ಹನಿ ಬೀಳುವುದನ್ನು ನೋಡುತ್ತಿದ್ದೆ. ಅಪ್ಪ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಗೊತ್ತಾಗಿತ್ತು ಅಂತ ನನಗೆ ಈಗಲೂ ಅನುಮಾನ.

ಅದಕ್ಕೇ ಎಲ್ವಿನ್ ಬೇಕಾಗಿತ್ತು ನನಗೆ. ನಂಬಿಕೆ ಬಿಟ್ಟ ಮೇಲೂ ಮನುಷ್ಯ ಒಳ್ಳೆಯವನಾಗಿಯೇ ಇರಬಹುದು ಅನ್ನುವುದಕ್ಕೆ ಒಂದು ಸಾಕ್ಷಿ. ಅದೂ ಬಿಷಪ್ಪರ ಮಗ, ಮಿಷನರಿ! ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಅಷ್ಟರಲ್ಲಿ ಕೋಸಿ ಬಂದು ಬಾಗಿಲಲ್ಲಿ ನಿಂತಳು. ಅವನು ಚರ್ಚು ಬಿಡದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು ಅಂತ ಅಲ್ಲ. ಗಟ್ಟಿ ನಂಬಿಕೆಯವರ ಹೆಂಡಂದಿರ ಕತೆ ನಮ್ಮ ಚರ್ಚಿನ ಸಭೆಯಲ್ಲೇ ಬೇಕಾದಷ್ಟು ಉಂಟು. ಆದರೂ ನಾನು ಅವನನ್ನು ಎಷ್ಟು ಬೇಗ ಮಾಫಿ ಮಾಡಲು ಹೊರಟಿದ್ದೆ ಅಂತ ನೋಡಿ ನನಗೇ ಹೆದರಿಕೆಯಾಯಿತು. ಅವನ ಪರವಾಗಿ ನಾನು ಹುಡುಕಿದ ಒಂದೊಂದು ಸಬೂಬೂ ನನ್ನ ಅಳತೆಗೇ ಹೊಲಿದ ಹಾಗಿತ್ತು.

ಛೆ, ಇಷ್ಟೆಲ್ಲ ಬರೆಯಲು ಕೂತದ್ದಲ್ಲ. ಪುಸ್ತಕ ಮುಟ್ಟಿದೆ, ಓದಿದೆ ಅಂತ ಎರಡು ಸಾಲು ಬರೆಯುವ ಅಂತಿದ್ದೆ. ಮಳೆಗೆ ಕರೆಂಟ್ ಹೋಗಿ ಟಿವಿ ಬಂದ್ ಆದರೆ ಹೀಗೆಲ್ಲ ಆಗುತ್ತದೆ.

ಅಮ್ಮನ ಫೇಸ್‌ಬುಕ್ಕಿಗೆ ಇದು ಹೋದರೆ ಯಾರೂ ಓದಿ ಹೇಳಬೇಡಿ, ಅವರ ಕನ್ನಡಕ ಮುರಿದಿದೆ, ರಿಪೇರಿಗೆ ಇನ್ನೂ ಒಂದು ವಾರ ಉಂಟು. ಸಭೆಯ ಹಿರಿಯರು ಯಾರಾದರೂ ಓದುತ್ತಿದ್ದರೆ ಒಂದು ವಿನಂತಿ: ನನ್ನನ್ನು ಕರೆದು ಬುದ್ಧಿ ಹೇಳುವುದಾದರೆ ಕ್ರಿಸ್ಮಸ್ ಮುಗಿಯಲಿ. ಬೇಸ್ ಹಾಡಲಿಕ್ಕೆ ಇರುವುದು ನಾವಿಬ್ಬರೇ, ಇನ್ನೊಬ್ಬನಿಗೆ ಶ್ರುತಿ ಅಂದರೆ ಏನು ಅಂತಲೇ ಗೊತ್ತಿಲ್ಲ.

ಸತೀಶ, ಪುಸ್ತಕ ವಾಪಸ್ ಕೇಳಬೇಡ. ಶಿಲ್ಲಾಂಗಿನ ಅಧ್ಯಾಯದ ಮೇಲೆ ಬಂಗುಡೆ ಸಾರು ಚೆಲ್ಲಿದೆ. ನಿನ್ನ ಕಡೆ ಒಂದು ಕೊಡೆ ಬಾಕಿ ಉಂಟಲ್ಲ, ಅಲ್ಲಿಗೆ ಚುಕ್ತಾ.

ನಿನ್ನ,
ಸುಧೀರ